ಮಕ್ಕಳು ಕಡಿಮೆಯಾದ ನಗರ ಶಾಲೆ: ವಿಲೀನವೋ, ಇಂಗ್ಲಿಷ್ ವಿಭಾಗವೋ?

ಬೆಂಗಳೂರಿನ ಸರ್ಕಾರಿ ಕನ್ನಡ ಪ್ರಾಥಮಿಕ ಶಾಲೆಯೊಂದರಲ್ಲಿ ದಾಖಲಾತಿ ಕುಸಿದಾಗ ಮುಖ್ಯ ಶಿಕ್ಷಕರ ಮುಂದೆ ಸಾಮಾನ್ಯವಾಗಿ ಬರುವ ಮಾತು ಇವೆರಡು: ಶಾಲೆಯನ್ನು ಹತ್ತಿರದ ಇನ್ನೊಂದು ಶಾಲೆಯೊಂದಿಗೆ ವಿಲೀನ ಮಾಡುವುದು, ಇಲ್ಲವೇ ಇಲ್ಲಿಯೇ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯುವುದು.

ವಿಲೀನವಾದರೆ ಒಂದೇ ಕೋಣೆಯಲ್ಲಿ ಮೂರು ತರಗತಿ ನಡೆಸುವ ಪಾಡು ತಪ್ಪುತ್ತದೆ. ಆದರೆ ಬೆಳಗಾಗುತ್ತಲೇ ಮನೆಗೆಲಸಕ್ಕೆ ಹೊರಡುವ ತಾಯಿ ಕೇಳುತ್ತಾಳೆ: ಆರು ವರ್ಷದ ಮಗುವನ್ನು ಮುಖ್ಯರಸ್ತೆ ದಾಟಿಸುವವರು ಯಾರು? ಈ ಪ್ರಶ್ನೆಗೆ ಕಡತದಲ್ಲಿ ಜಾಗವಿಲ್ಲ, ಶಾಲೆ ಬಿಡುವ ಮಕ್ಕಳು ಹುಟ್ಟುವುದು ಇಲ್ಲಿಯೇ.

ಇಂಗ್ಲಿಷ್ ವಿಭಾಗವನ್ನು ರಾಜ್ಯ 2019ರಲ್ಲಿ 1,000 ಸರ್ಕಾರಿ ಶಾಲೆಗಳಲ್ಲಿ ತೆರೆಯಿತು. ಪೋಷಕರನ್ನು ಸೆಳೆಯುವ ಶಕ್ತಿ ಇದಕ್ಕಿದೆ. ತೊಡಕು ಶಿಕ್ಷಕರದು. ಶಿಕ್ಷಣ ಹಕ್ಕು ಕಾಯ್ದೆಯಂತೆ ಐದನೆಯ ತರಗತಿವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಕನಿಷ್ಠ ಇಬ್ಬರು ಶಿಕ್ಷಕರು. ಆ ಇಬ್ಬರೇ ಎರಡು ಮಾಧ್ಯಮ, ಬಿಸಿಯೂಟದ ಲೆಕ್ಕ ಎಲ್ಲವನ್ನೂ ಹೊರಲಾರರು.

ಪಕ್ಕದ ಶಾಲೆ ಅದೇ ಬೀದಿಯಲ್ಲಿದ್ದರೆ ನಾನು ವಿಲೀನವನ್ನೇ ಒಪ್ಪುತ್ತೇನೆ. ಇಲ್ಲವಾದರೆ ಇಂಗ್ಲಿಷ್ ವಿಭಾಗ, ಅದೂ ಹೆಚ್ಚುವರಿ ಶಿಕ್ಷಕರ ನೇಮಕದ ಆದೇಶ ಕೈಗೆ ಬಂದ ಮೇಲೆ.