ಹಣೆಯ ಹೊಳಪು, ಮುಡಿಯ ಮಲ್ಲಿಗೆ: ಪೋರ್ಟ್ರಾ 400 ಮತ್ತು ರಾ ಫೈಲ್ ಅಕ್ಕಪಕ್ಕ

ಕಿಟಕಿ ಬೆಳಕು, 85 ಎಂಎಂ ಲೆನ್ಸ್, ಎಫ್/2.8, ಕಂದು ಮೈಬಣ್ಣದ ಮುಖ, ಮುಡಿಯಲ್ಲಿ ಮಲ್ಲಿಗೆ. ಒಂದು ಕ್ಯಾಮೆರಾದಲ್ಲಿ ಕೊಡಕ್ ಪೋರ್ಟ್ರಾ 400 ಎಂಬ ಕಲರ್ ನೆಗೆಟಿವ್ ಫಿಲ್ಮ್, ಇನ್ನೊಂದು ಫುಲ್‌ಫ್ರೇಮ್ ಡಿಜಿಟಲ್; ಅದರಿಂದ ಬಂದದ್ದು ಸಂಸ್ಕರಿಸದ ರಾ ಫೈಲ್. ಎರಡೂ ಚಿತ್ರ ಪಕ್ಕಪಕ್ಕ ಇಟ್ಟಾಗ ಮೊದಲು ಹಣೆ ನೋಡಿ.

ಬೆವರಿನ ಹೊಳಪು ಫಿಲ್ಮ್‌ನಲ್ಲಿ ಅಂಚೇ ಇಲ್ಲದೆ ಚರ್ಮದ ಬಣ್ಣದಲ್ಲಿ ಕರಗುತ್ತದೆ. ಬೆಳಕು ಏರಿದಷ್ಟೂ ನೆಗೆಟಿವ್‌ನ ಸಾಂದ್ರತೆ ಏರುವ ವೇಗ ತಗ್ಗುತ್ತ ಹೋಗುತ್ತದೆ. ಸೆನ್ಸರ್ ತುಂಬುವ ತನಕ ಒಂದೇ ಸಮ ಏರಿ, ತುಂಬಿದ ಮೇಲೆ ಬರೀ ಬಿಳಿ. ಹಳದಿ ಬೆಳಕಿನಲ್ಲಿ ಕೆಂಪು ಚಾನೆಲ್ ಮೊದಲು ತುಂಬುವುದರಿಂದ ಹೊಳಪಿನ ಸುತ್ತ ಹಳದಿ ಅಂಚು ಮೂಡುತ್ತದೆ.

ಅದಕ್ಕೇ ಬೆಳಕು ಅಳೆಯುವ ಕ್ರಮವೂ ಉಲ್ಟಾ. ಪೋರ್ಟ್ರಾಗೆ ಮೀಟರಿನ ಐಎಸ್‌ಒ (ಫಿಲ್ಮ್‌ನ ವೇಗ) 200ಕ್ಕೆ ಇಟ್ಟು ನೆರಳಿನ ಕೆನ್ನೆಯ ಬಳಿ ಅಳೆಯಿರಿ. ಬೆಳಕು ಕಮ್ಮಿ ಬಿದ್ದರೆ ನೆರಳು ಕೆಸರಾಗಿ, ಕಾಳು (ಗ್ರೇನ್) ಎದ್ದು ಕಾಣುತ್ತದೆ. ಕಪ್ಪು ಮುಖಕ್ಕೆ ಗುರಿಯಿಟ್ಟ ಕ್ಯಾಮೆರಾ ಮೀಟರ್ ಬೆಳಕನ್ನು ಜಾಸ್ತಿಯೇ ಕೊಡುತ್ತದೆ. ಫಿಲ್ಮ್ ಅದನ್ನು ತಾಳಿಕೊಳ್ಳುತ್ತದೆ, ಡಿಜಿಟಲ್‌ನಲ್ಲಿ ಮಲ್ಲಿಗೆಯ ಎಸಳೆಲ್ಲ ಒಂದೇ ಬಿಳಿ ಮುದ್ದೆ. ಅಲ್ಲಿ ಮೂರನೇ ಎರಡು ಸ್ಟಾಪ್ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧ) ಕಡಿಮೆ ಮಾಡಿ, ನೆರಳನ್ನು ಆಮೇಲೆ ಎತ್ತುವುದೇ ಸರಿ.

ಇಷ್ಟಾದರೂ ಮುಖ ಕೆಡುವುದು ಹೆಚ್ಚಾಗಿ ಎಡಿಟಿಂಗ್‌ನಲ್ಲಿ. ಚರ್ಮ ನಯಗೊಳಿಸಿ ರೆಪ್ಪೆ ಚೂಪು ಮಾಡಿದರೆ ಒಂದೇ ಮುಖದಲ್ಲಿ ಎರಡು ಮುಖ. ಫಿಲ್ಮ್‌ನ ಕಾಳು ಕೆನ್ನೆಗೂ ಗೋಡೆಗೂ ಹರಡಿರುವುದರಿಂದ ಕಣ್ಣಿಗೆ ಎಲ್ಲೂ ತೇಪೆ ಹಾಕಿದಂತೆ ಅನಿಸದು. ಎಡಿಟಿಂಗ್ ತಂತ್ರಾಂಶ ಲೈಟ್‌ರೂಮ್‌ನಲ್ಲಿ ಹೈಲೈಟ್ಸ್ -40, ಕ್ಲಾರಿಟಿ -8, ಶಾರ್ಪನಿಂಗ್ ಅನ್ನು 40ರಿಂದ 20ಕ್ಕೆ ಇಳಿಸಿ; ಮಾಸ್ಕಿಂಗ್ ಏರಿಸುತ್ತ ಕಣ್ಣು, ತುಟಿಯ ಗೆರೆಗಳಷ್ಟೇ ಉಳಿದಾಗ ನಿಲ್ಲಿಸಿ. ಗ್ರೇನ್ 20 ಸಾಕು. ಆರೆಂಜ್ ಲ್ಯುಮಿನೆನ್ಸ್ (ಕಿತ್ತಳೆ ಬಣ್ಣದ ಹೊಳಪಿನ ಸ್ಲೈಡರ್) ಮಾತ್ರ ಮುಟ್ಟಬೇಡಿ. ಬೆಳ್ಳಗೆ ಕಾಣಲೆಂದು ಅದನ್ನು ಏರಿಸಿದರೆ ಕಂದು ಚರ್ಮ ಬೂದಿ ಬಳಿದಂತಾಗುತ್ತದೆ. ನಮ್ಮ ಮದುವೆ ಆಲ್ಬಮ್‌ಗಳಲ್ಲಿ ಇದನ್ನು ನೋಡಿದಾಗಲೆಲ್ಲ ಹೊಟ್ಟೆ ಉರಿಯುತ್ತದೆ.

ಫಿಲ್ಮ್‌ನ ಸಹಜತೆ ಲ್ಯಾಬ್‌ನಲ್ಲೂ ಹಾಳಾದೀತು. ಕಲರ್ ನೆಗೆಟಿವ್ ತೊಳೆಯುವ ಸಿ-41 ವಿಧಾನದ ಡೆವಲಪರ್ 37.8 ಡಿಗ್ರಿ ಸೆಲ್ಸಿಯಸ್‌ನಲ್ಲಿ 3 ನಿಮಿಷ 15 ಸೆಕೆಂಡ್. ತಾಪ ಜಾರಿದರೆ ನೆರಳಿಗೊಂದು ಬಣ್ಣ, ಬೆಳಕಿಗೊಂದು ಬಣ್ಣ ಹತ್ತಿಕೊಂಡು ಒಂದು ಸ್ಲೈಡರ್‌ನಿಂದ ಸರಿಹೋಗುವುದಿಲ್ಲ. ಸ್ಕ್ಯಾನ್ ಮಾಡಿಸುವಾಗ ಆಟೋ ಶಾರ್ಪನಿಂಗ್ ಬೇಡವೆಂದು ಹೇಳಿ, ಬಣ್ಣದ ವಿವರ ಹೆಚ್ಚು ಉಳಿಸುವ 16 ಬಿಟ್ ಟಿಫ್ ಫೈಲ್ ಕೇಳಿ.

ಹಗಲಿನ ಮುಖಕ್ಕೆ ನಮ್ಮ ಆಯ್ಕೆ ಫಿಲ್ಮೇ. ಹಳದಿ ಬಲ್ಬಿನಡಿ ಡಿಜಿಟಲ್ ಗೆಲ್ಲುತ್ತದೆ: ಪೋರ್ಟ್ರಾ ಹಗಲು ಬೆಳಕಿನ ಫಿಲ್ಮ್, ಬಲ್ಬಿನ ಬೆಳಕಿನಲ್ಲಿ ನೀಲಿ ಪದರಕ್ಕೆ ಬೆಳಕು ಸಾಲದು. ಅದನ್ನು ಸರಿದೂಗಿಸುವ ನೀಲಿ 80ಎ ಫಿಲ್ಟರ್ ಹಾಕಿದರೆ ಎರಡು ಸ್ಟಾಪ್ ಹೋಗಿ 400ರ ಫಿಲ್ಮ್ 100ಕ್ಕೆ ಇಳಿಯುತ್ತದೆ. ಆರತಕ್ಷತೆಯಲ್ಲಿ ಅಷ್ಟು ಬೆಳಕು ಎಲ್ಲಿಂದ ತರುವುದು?