ಏಪ್ರಿಲ್–ಮೇ ತಿಂಗಳ ಚಿಕ್ಕಮಗಳೂರು ಹೋಂಸ್ಟೇ: ಈಜುಕೊಳ ಆಮೇಲೆ, ಮೊದಲು ಟ್ಯಾಂಕ್ ನೋಡಿ

ಪರೀಕ್ಷೆ ಮುಗಿದ ವಾರದಿಂದಲೇ ಆಲ್ದೂರು, ಮಲ್ಲಂದೂರು, ಮೂಡಿಗೆರೆ, ಕೊಟ್ಟಿಗೆಹಾರ ಕಡೆಯ ಹೋಂಸ್ಟೇಗಳಲ್ಲಿ ಶನಿವಾರ ರೂಮು ಸಿಗುವುದು ಕಷ್ಟ. ಫೋಟೋದಲ್ಲಿ ಎಲ್ಲವೂ ಒಂದೇ ಥರ: ಹಸಿರು ತೋಟ, ಮಂಜು, ಬೆಂಕಿಯ ಸುತ್ತ ಕುರ್ಚಿ. ಆ ಫೋಟೋಗಳೆಲ್ಲ ಹೆಚ್ಚಾಗಿ ಮಳೆಗಾಲದ್ದು, ಇಲ್ಲವೇ ಮಳೆ ಬಿಟ್ಟ ಹೊಸತರದ್ದು. ಏಪ್ರಿಲ್‌ನಲ್ಲಿ ಬಂದವರಿಗೆ ಕಾಣುವುದು ಬೇರೆ. ಬೆಟ್ಟದ ಹುಲ್ಲು ಒಣಗಿ ಕಂದಾಗಿರುತ್ತದೆ, ಹಳ್ಳದಲ್ಲಿ ನೀರಿಗಿಂತ ಕಲ್ಲೇ ಜಾಸ್ತಿ, ಮಧ್ಯಾಹ್ನದ ಬಿಸಿಲು ಚುರುಕು, ನಾಲ್ಕು ಗಂಟೆಗೆ ಗುಡುಗು. ತಲೆಗೆ 2,000ದಿಂದ 3,500 ರೂಪಾಯಿವರೆಗೆ ಕೇಳುವ ಈ ಮನೆಗಳಲ್ಲಿ ಬೇಸಿಗೆಗೆ ಯಾವುದು ಲಾಯಕ್ಕು, ಯಾವುದು ಅಲ್ಲ ಎಂದು ನೋಡುವಾಗ ನಾವು ಮೊದಲು ಹೋಗುವುದು ಮನೆಯ ಹಿಂದಕ್ಕೆ, ಟ್ಯಾಂಕ್ ಇರುವ ಕಡೆಗೆ.

ಮಲೆನಾಡಿನಲ್ಲಿ ನೀರಿಗೇನು ಬರ ಅಂದುಕೊಳ್ಳಬೇಡಿ. ಇಲ್ಲಿಯ ಹಳೆಯ ಮನೆಗಳಿಗೆ ಗುಡ್ಡದ ಒರತೆಯಿಂದ ಕಪ್ಪು ಪೈಪಿನಲ್ಲಿ ತಾನಾಗಿಯೇ ನೀರು ಇಳಿದು ಬರುತ್ತದೆ. ಮೋಟಾರ್ ಇಲ್ಲ, ಕರೆಂಟ್ ಬೇಡ. ಆದರೆ ಮಾರ್ಚ್ ದಾಟಿದ ಮೇಲೆ ಒರತೆ ಸಣ್ಣಗಾಗುತ್ತದೆ. ನೀರು ಕಮ್ಮಿಯಾದಾಗ ಪೈಪಿನ ಬಾಯಿಗೆ ತರಗೆಲೆ ಸಿಕ್ಕಿಕೊಳ್ಳುತ್ತದೆ, ಎಲೆ ತೆಗೆದರೂ ಒಳಗೆ ಗಾಳಿ ಕಟ್ಟಿಕೊಂಡು ನೀರು ಇಳಿಯುವುದಿಲ್ಲ. ಯಾರಾದರೂ ಗುಡ್ಡ ಹತ್ತಿ ಜಾಯಿಂಟ್ ಬಿಚ್ಚಿ ಗಾಳಿ ಬಿಡಬೇಕು. ಬೆಳಿಗ್ಗೆ ಎಂಟಕ್ಕೆ ಎಲ್ಲರೂ ಒಟ್ಟಿಗೆ ಸ್ನಾನಕ್ಕಿಳಿದ ಹೊತ್ತಿನಲ್ಲೇ ಹೀಗಾಗುತ್ತದೆ. ಬೋರ್‌ವೆಲ್ ಇರುವ ಕಡೆ ಕಥೆ ಬೇರೆ: ದೊಡ್ಡ ಮೋಟಾರ್ ಓಡಲು ತ್ರೀ ಫೇಸ್ ಬೇಕು, ಅದು ದಿನಕ್ಕೆ ಕೆಲವೇ ಗಂಟೆ. ಆ ಗಂಟೆಗಳಲ್ಲಿ ತುಂಬಿದ್ದಷ್ಟೇ ಆ ದಿನದ ನೀರು.

ಲೆಕ್ಕ ಸುಲಭ. ಹನ್ನೆರಡು ಜನ ಅತಿಥಿಗಳು, ತಲೆಗೆ 150 ಲೀಟರ್ ಅಂದರೆ 1,800. ಅಡುಗೆಮನೆ, ಪಾತ್ರೆ, ಹಾಸಿಗೆ ಬಟ್ಟೆ ಒಗೆಯುವುದಕ್ಕೆ ಇನ್ನೊಂದು 600–700. ಹತ್ತಿರ ಹತ್ತಿರ 2,500 ಲೀಟರ್. ಸೂರಿನ ಮೇಲೆ 2,000 ಲೀಟರಿನ ಟ್ಯಾಂಕ್ ಒಂದೇ ಇದ್ದು ಕೆಳಗೆ ಸಂಪ್ ಇಲ್ಲದಿದ್ದರೆ, ಗಾಳಿಮಳೆಗೆ ಒಂದು ದಿನ ಕರೆಂಟ್ ಲೈನ್ ಬಿದ್ದರೂ ಸಂಜೆಗೆ ನಲ್ಲಿ ಖಾಲಿ. 10,000 ಲೀಟರಿನ ಸಂಪ್ ಮತ್ತು ಅದನ್ನು ಎತ್ತಲು ಜನರೇಟರಿಗೆ ಹೊಂದುವ ಸಣ್ಣ ಮೋಟಾರ್ ಇರುವ ಮನೆಗೆ ಮೇ ತಿಂಗಳಲ್ಲಿ ಧೈರ್ಯವಾಗಿ ಹೋಗಬಹುದು. ಫೋನಿನಲ್ಲಿ ಇದನ್ನು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. "ನೀರಿಗೇನೂ ತೊಂದ್ರೆ ಇಲ್ಲ ಸಾರ್, ಬನ್ನಿ" ಎಂಬುದು ಉತ್ತರವಲ್ಲ. "ಒರತೆ ಸಣ್ಣ ಆಗಿದೆ, ಬೋರಿಂದ ತುಂಬಿಸ್ತಾ ಇದೀವಿ, ಬಕೆಟ್ ಸ್ನಾನ ಮಾಡಿದ್ರೆ ಉಪಕಾರ" ಎನ್ನುವವರ ಮನೆಯನ್ನೇ ಹಿಡಿಯಿರಿ.

ಇನ್ನು ಈಜುಕೊಳ. 25 ಅಡಿ ಉದ್ದ, 12 ಅಡಿ ಅಗಲ, ಸರಾಸರಿ 4 ಅಡಿ ಆಳದ ಕೊಳಕ್ಕೆ ಸುಮಾರು 34,000 ಲೀಟರ್ ಬೇಕು. ದುಂದು ಅನ್ನಿಸಬಹುದು. ಆದರೆ ರೊಬಸ್ಟಾ ಕಾಫಿಯ ತೋಟಕ್ಕೆ ಹೂವಿಗಾಗಿ ಸ್ಪ್ರಿಂಕ್ಲರ್‌ನಲ್ಲಿ ಒಂದು ಇಂಚು ನೀರು ಕೊಡಲು ಎಕರೆಗೆ ಲಕ್ಷ ಲೀಟರ್ ದಾಟುತ್ತದೆ. ಹಾಗಾಗಿ ಫೆಬ್ರವರಿ–ಮಾರ್ಚ್‌ನಲ್ಲೇ ತೋಟದ ಕೆರೆ ಅರ್ಧ ಇಳಿದಿರುತ್ತದೆ, ಏಪ್ರಿಲ್‌ನಲ್ಲಿ ಕೊಳದ ನೀರು ಬದಲಿಸುವ ಮಾತೇ ಇರುವುದಿಲ್ಲ. ನೀರು ಬದಲಿಸದಿದ್ದರೂ ಫಿಲ್ಟರ್ ದಿನಾ ಓಡಿದರೆ ಸಾಕು. ಕರೆಂಟ್ ಹೋಗಿ ಎರಡು ಮೂರು ದಿನ ಫಿಲ್ಟರ್ ನಿಂತರೆ ಬಿಸಿಲಿಗೆ ಪಾಚಿ ಹಿಡಿದು ಹಸಿರಾಗುತ್ತದೆ. ಆಳದ ಕಡೆಯ ತಳದ ಟೈಲ್ಸ್ ಗೆರೆ ಸ್ಪಷ್ಟವಾಗಿ ಕಾಣಬೇಕು. ಗೋಡೆಗೆ ಬೆರಳು ಒರೆಸಿದರೆ ಜಾರಬಾರದು. ಇವೆರಡರಲ್ಲಿ ಒಂದು ತಪ್ಪಿದರೂ ಮಕ್ಕಳನ್ನು ಇಳಿಸಬೇಡಿ.

ನೀರಾದ ಮೇಲೆ ಸೂರು. ಈಚೆಗೆ ತೋಟದ ನಡುವೆ ಎದ್ದಿರುವ ಕಾಟೇಜುಗಳಿಗೆಲ್ಲ ತಗಡಿನ ಶೀಟು, ಒಳಗೆ ಪಿಒಪಿ ಸೀಲಿಂಗ್. ಕಾಣಲು ಚೆಂದ. ಆದರೆ ಹನ್ನೊಂದರಿಂದ ನಾಲ್ಕರವರೆಗೆ ಒಳಗೆ ಕೂರಲಾಗದು. ಶೀಟು ಕಾದರೆ ಫ್ಯಾನ್ ಬಿಸಿಗಾಳಿಯನ್ನೇ ಕೆಳಗೆ ತಳ್ಳುತ್ತದೆ. ಸಂಜೆ ಆಲಿಕಲ್ಲು ಬಿದ್ದರೆ ಪಕ್ಕದವರ ಮಾತೂ ಕೇಳಿಸುವುದಿಲ್ಲ. ಹಳೆಯ ಹೆಂಚಿನ ಮನೆ, ಹೆಂಚಿನ ಕೆಳಗೆ ಮರದ ಮುಚ್ಚಿಗೆ, ಕೆಂಪು ರೆಡ್‌ಆಕ್ಸೈಡ್ ನೆಲ ಇದ್ದರೆ ಎಸಿ ಯಾಕೆ ಎನ್ನಿಸುತ್ತದೆ. ಬಾತ್‌ರೂಮು ಹೊಸದಾಗಿ ಜೋಡಿಸಿದ್ದಾಗಿರುತ್ತದೆ, ಸ್ವಲ್ಪ ಇಕ್ಕಟ್ಟು, ಅದೊಂದೇ ಕೊರತೆ. ದರ ಒಂದೇ ಆದರೆ ಕಾಟೇಜು ಬಿಟ್ಟು ಮನೆಯೊಳಗಿನ ಕೋಣೆಯನ್ನೇ ಕೇಳಿ.

ಕರೆಂಟಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಏಪ್ರಿಲ್ ಮಧ್ಯದ ಅಶ್ವಿನಿ ಮಳೆಯಿಂದ ಮೇ ಕೊನೆಯ ಕೃತ್ತಿಕೆವರೆಗೆ ಮಳೆಗಿಂತ ಗಾಳಿ, ಸಿಡಿಲು ಜಾಸ್ತಿ. ಸಿಲ್ವರ್ ಓಕಿನ ಕೊಂಬೆ ಲೈನ್ ಮೇಲೆ ಬಿದ್ದರೆ ತೋಟದ ಒಳಗಿನ ಮನೆಗೆ ಕರೆಂಟ್ ಬರುವುದು ಮರುದಿನವೇ. ಯುಪಿಎಸ್ ಇದ್ದರೆ ಲೈಟು, ಫ್ಯಾನು, ಫೋನ್ ಚಾರ್ಜು ನಡೆಯುತ್ತದೆ, ಗೀಸರ್ ನಡೆಯುವುದಿಲ್ಲ. ಹಾಗಾಗಿ ಹಂಡೆ ಒಲೆ ಇದೆಯೇ ಎಂದು ಕೇಳುವುದು ಹಳೇ ಕಾಲದ ಮಾತಲ್ಲ. ಬಚ್ಚಲ ಮೂಲೆಯಲ್ಲಿ ಮಸಿ ಹಿಡಿದ ತಾಮ್ರದ ಹಂಡೆ, ಅದರಡಿ ಹೊರಗಿನಿಂದ ತುರುಕಿದ ಕಾಫಿ ಗಿಡದ ಬೊಡ್ಡೆ, ಕುದಿಯುವ ನೀರನ್ನು ಚೊಂಬಿನಲ್ಲಿ ಎತ್ತಿ ಬಕೆಟ್ಟಿನ ತಣ್ಣೀರಿಗೆ ಬೆರೆಸಿಕೊಳ್ಳುವುದು: ಒಂದು ಹಂಡೆಯಲ್ಲಿ ಏಳೆಂಟು ಜನರ ಸ್ನಾನ ಮುಗಿಯುತ್ತದೆ, ನೀರೂ ಉಳಿಯುತ್ತದೆ. ಶವರ್ ಕೆಳಗೆ ಇಬ್ಬರು ನಿಂತರೆ ಅಷ್ಟೇ ನೀರು ಹೋಗುತ್ತದೆ.

ಊಟದಲ್ಲಿ ಮೋಸ ಹೋಗುವುದು ಮೆನು ನೋಡಿ. ಕಳಲೆ (ಎಳೆ ಬಿದಿರು), ಅಣಬೆ, ಕೆಸುವಿನ ಪತ್ರೊಡೆ ಇವು ಮಳೆಗಾಲದ ತಿನಿಸು. ಏಪ್ರಿಲ್‌ನಲ್ಲಿ ಬಡಿಸುವ ಕಳಲೆ ಉಪ್ಪುನೀರಿನಲ್ಲಿ ಹಾಕಿಟ್ಟದ್ದು, ಅಣಬೆ ಪೇಟೆಯ ಬಟನ್ ಅಣಬೆ. ತಪ್ಪೇನಿಲ್ಲ, ಆದರೆ ಅದಕ್ಕಾಗಿ ಬರಬೇಡಿ. ಬೇಸಿಗೆಯದ್ದೇ ರುಚಿ ಬೇರೆ ಇದೆ: ಹಲಸಿನ ಹಣ್ಣಿನ ಕಡುಬು, ಕಾಡುಮಾವಿನ ಹಣ್ಣಿನ ಗೊಜ್ಜು, ಮಾವಿನಮಿಡಿ ಉಪ್ಪಿನಕಾಯಿ, ಎಳೆ ಹಲಸಿನ ಪಲ್ಯ. ಇವು ಕೇಳದೆ ಎಲೆಗೆ ಬಂದರೆ ಅಡುಗೆಮನೆಯಲ್ಲಿ ಮನೆಯವರೇ ಇದ್ದಾರೆ ಎಂದರ್ಥ. ಗೋಬಿ ಮಂಚೂರಿ, ಪನೀರ್ ಬಟರ್ ಮಸಾಲ ಬಂದರೆ ಅಡುಗೆ ಗುತ್ತಿಗೆಯವರದ್ದು.

ಅಕ್ಕಿ ರೊಟ್ಟಿಯೂ ಒಳ್ಳೆಯ ಪರೀಕ್ಷೆ. ಇಲ್ಲಿಯ ರೊಟ್ಟಿ ಬಾಣಲೆಗೆ ತಟ್ಟುವ ಈರುಳ್ಳಿ ರೊಟ್ಟಿಯಲ್ಲ. ಲೋಟ ಹಿಟ್ಟಿಗೆ ಹೆಚ್ಚುಕಡಿಮೆ ಅಷ್ಟೇ ಕುದಿಯುವ ನೀರು, ಉಪ್ಪು ಹಾಕಿ ಹಿಟ್ಟು ಬೇಯಿಸಿ, ಬಿಸಿ ಇರುವಾಗಲೇ ನಾದಿ, ತೆಳ್ಳಗೆ ಲಟ್ಟಿಸಿ, ಕಾವಲಿಯಲ್ಲಿ ಎರಡೂ ಕಡೆ ಬಾಡಿಸಿ ಕೆಂಡದ ಮೇಲೆ ಬಿಟ್ಟರೆ ಪೂರಿಯಂತೆ ಉಬ್ಬಬೇಕು. ಹಿಟ್ಟು ಸರಿಯಾಗಿ ಬೇಯದಿದ್ದರೆ ಅಂಚು ಬಿರಿಯುತ್ತದೆ, ಉಬ್ಬುವುದಿಲ್ಲ. ಏಳಕ್ಕೇ ಸುಟ್ಟು ಹಾಟ್‌ಬಾಕ್ಸಿಗೆ ತುಂಬಿ ಒಂಬತ್ತಕ್ಕೆ ಬಡಿಸಿದರೆ ಚರ್ಮ. ಹನ್ನೆರಡು ಜನಕ್ಕೆ ಬಿಸಿಬಿಸಿ ಸುಟ್ಟುಕೊಡಲು ಒಲೆ ಮುಂದೆ ಇಬ್ಬರು ಬೇಕು. ಮೇ ತಿಂಗಳು ಮದುವೆ ಸೀಸನ್, ಆಳು ಸಿಗುವುದಿಲ್ಲ. ಆದ್ದರಿಂದ ಎಂಟು ಕೋಣೆಯ ಜಾಗಕ್ಕಿಂತ ಮೂರು ಕೋಣೆಯ ಮನೆಯಲ್ಲಿ ಒಳ್ಳೆಯ ರೊಟ್ಟಿ ಸಿಗುತ್ತದೆ. ಕೋಳಿಸಾರು ಎರಡೂ ಕಡೆ ಚೆನ್ನಾಗಿಯೇ ಇರುತ್ತದೆ.

ಕಾಫಿ ಹೂವು ನೋಡಲೆಂದೇ ಬರುವವರು ತಾರೀಖು ನೋಡಿ ಬುಕ್ ಮಾಡುತ್ತಾರೆ. ಹೂವು ಕ್ಯಾಲೆಂಡರ್ ನೋಡುವುದಿಲ್ಲ. ಒಂದೊಂದೂವರೆ ಇಂಚು ಮಳೆ ಬಿದ್ದ ಎಂಟು ಹತ್ತು ದಿನಕ್ಕೆ ಅರಳುತ್ತದೆ, ಮೂರ್ನಾಲ್ಕು ದಿನಕ್ಕೆ ಬಾಡುತ್ತದೆ. ನೀರು ಹಾಯಿಸಿದ ರೊಬಸ್ಟಾ ಮೊದಲೇ ಅರಳಿ ಮುಗಿದಿರುತ್ತದೆ, ಅರೇಬಿಕಾ ಮಾರ್ಚ್–ಏಪ್ರಿಲ್‌ನ ಮಳೆಗೆ ಕಾಯುತ್ತದೆ. ಮನೆಯವರಿಗೆ "ನಿಮ್ಮಲ್ಲಿ ಮಳೆ ಯಾವಾಗ ಬಿತ್ತು?" ಎಂದು ಕೇಳಿ ಒಂಬತ್ತು ದಿನ ಎಣಿಸಿಕೊಳ್ಳಿ. ಮೇ ತಿಂಗಳಲ್ಲಿ ಹೂವು ಸಿಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಸುತ್ತಾಟದ ವಿಷಯದಲ್ಲಿ ಹೋಂಸ್ಟೇಯವರ ಮಾತು ಸಾಮಾನ್ಯವಾಗಿ ಸ್ವಲ್ಪ ಉದಾರ. ಕೊಟ್ಟಿಗೆಹಾರದ ಮನೆಯಿಂದ ಮುಳ್ಳಯ್ಯನಗಿರಿ "ಇಲ್ಲೇ ಹತ್ತಿರ" ಎನ್ನುತ್ತಾರೆ. ನಿಜಕ್ಕೂ ಸುಮಾರು ಎಪ್ಪತ್ತು ಕಿಲೋಮೀಟರ್ ಆಗುತ್ತದೆ. 1,930 ಮೀಟರ್ ಎತ್ತರದ ಆ ಗಿರಿಗೂ ಬಾಬಾಬುಡನ್‌ಗಿರಿಗೂ 2025ರ ಸೆಪ್ಟೆಂಬರ್‌ನಿಂದ ವಾಹನಕ್ಕೆ ಆನ್‌ಲೈನ್ ಬುಕಿಂಗ್ ಬಂದಿದೆ, ಬೆಳಿಗ್ಗೆ–ಮಧ್ಯಾಹ್ನ ಎರಡು ಪಾಳಿ. ಬೇಸಿಗೆಯಲ್ಲಿ ಬೆಳಗಿನ ಪಾಳಿಯೇ ಸರಿ: ಮಧ್ಯಾಹ್ನದ ಮೇಲೆ ತುದಿಯ ಮೆಟ್ಟಿಲ ಮೇಲೆ ಇರುವಾಗ ಸಿಡಿಲು ಶುರುವಾದರೆ ಮರೆಯಿಲ್ಲ. ರಸೀದಿಯನ್ನು ಊರಲ್ಲೇ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ, ಗಿರಿ ರಸ್ತೆಯಲ್ಲಿ ಸಿಗ್ನಲ್ ಬಂದರೆ ಬಂತು. ಜಲಪಾತಗಳಿಗಾಗಿ ಜೀಪಿನ ದುಡ್ಡು ಕೊಡುವ ಮೊದಲು ನೀರೆಷ್ಟಿದೆ ಎಂದು ವಿಚಾರಿಸಿ. ಹೆಬ್ಬೆಯಲ್ಲಿ ಬೇಸಿಗೆಯಲ್ಲೂ ಧಾರೆ ಇರುತ್ತದೆ, ಝರಿ ತೀರಾ ತೆಳ್ಳಗಾಗುತ್ತದೆ, ಹೊನ್ನಮ್ಮನ ಹಳ್ಳದಲ್ಲಿ ತೊಟ್ಟಿಕ್ಕಿದರೆ ಪುಣ್ಯ. ಚಾರಣವಂತೂ ಕಾಡ್ಗಿಚ್ಚಿನ ಭಯಕ್ಕೆ ಅರಣ್ಯ ಇಲಾಖೆ ಎಷ್ಟೋ ಕಡೆ ನಿಲ್ಲಿಸಿರುತ್ತದೆ. "ನಮ್ಮ ಹುಡುಗ ಹಿಂದಿನ ದಾರಿಯಲ್ಲಿ ಕರ್ಕೊಂಡು ಹೋಗ್ತಾನೆ" ಎನ್ನುವ ಮನೆಯನ್ನು ಅಲ್ಲೇ ಬಿಟ್ಟುಬಿಡಿ.

ಗಿರಿ, ಜಲಪಾತ ಎರಡೂ ಬಿಟ್ಟು ಬೇಸಿಗೆಯಲ್ಲಿ ನೋಡಬೇಕಾದ್ದು ಊರನ್ನು. ಮೂಡಿಗೆರೆ, ಸಕಲೇಶಪುರ ಕಡೆ ಏಪ್ರಿಲ್–ಮೇ ಎಂದರೆ ಸುಗ್ಗಿ, ಅಂದರೆ ಊರ ದೇವರ ಹಬ್ಬ. ಊರ ದೇವರ ಮುಂದೆ ಬಯಲಿನಲ್ಲಿ ಸುತ್ತುಗಟ್ಟಿ ಕುಣಿಯುವ ಸುಗ್ಗಿ ಕುಣಿತಕ್ಕೆ ಬೆಂಗಳೂರಿನಲ್ಲಿರುವ ಮಕ್ಕಳೂ ರಜೆ ಹಾಕಿ ಬರುತ್ತಾರೆ. ಒಳ್ಳೆಯ ಹೋಂಸ್ಟೇಯವರು ಅತಿಥಿಗಳನ್ನು ಕರೆದೊಯ್ದು ಎಲ್ಲಿ ನಿಲ್ಲಬೇಕು, ಎಲ್ಲಿ ಚಪ್ಪಲಿ ಬಿಡಬೇಕು, ಯಾವಾಗ ಫೋಟೋ ತೆಗೆಯಬಾರದು ಎಂದು ಹೇಳಿಕೊಡುತ್ತಾರೆ. ಸುಗ್ಗಿ ನಡೆಯುವಷ್ಟು ದಿನ ಕೆಲವು ಊರುಗಳಲ್ಲಿ ಮಾಂಸ ಬೇಯಿಸುವಂತಿಲ್ಲ, ಒಗ್ಗರಣೆ ಹಾಕುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ. ಆ ವಾರವೂ ಬಾರ್ಬೆಕ್ಯೂ, ಸ್ಪೀಕರ್ ಎಂದು ಜಾಹೀರಾತು ಕೊಡುವ ಜಾಗಕ್ಕೂ ಊರಿಗೂ ಸಂಬಂಧ ಕೆಟ್ಟಿದೆ ಎಂದೇ ಲೆಕ್ಕ. ಅಂಥ ಕಡೆ ರಾತ್ರಿ ಗಾಡಿ ಕೆಟ್ಟರೆ ಬಂದು ತಳ್ಳುವವರೂ ಇರುವುದಿಲ್ಲ. ಬುಕ್ ಮಾಡುವಾಗ "ನಿಮ್ಮೂರ ಸುಗ್ಗಿ ಯಾವಾಗ, ಆಗ ಮಾಂಸದೂಟ ಇರುತ್ತಾ?" ಎಂದು ಕೇಳಿಬಿಡಿ. ಮೇ ಭಾನುವಾರಗಳಂದು ಶಾಲೆಯ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿಯೂ ಇರುತ್ತದೆ. ಕಾಮೆಂಟರಿಯ ಮೈಕು ಒಂದು ಕಿಲೋಮೀಟರ್ ಕೇಳಿಸುತ್ತದೆ. ಅಲ್ಲೇ ಹೋಗಿ ಆಮ್ಲೆಟ್ ತಿನ್ನುತ್ತಾ ಮ್ಯಾಚ್ ನೋಡುವುದೇ ಲೇಸು.

ಹಲಸಿನ ಹಣ್ಣಿನ ಇನ್ನೊಂದು ಮಗ್ಗುಲೂ ಇದೆ. ಮೂಡಿಗೆರೆ, ಆಲ್ದೂರು ಭಾಗದ ತೋಟಗಳಲ್ಲಿ ಆನೆ ಓಡಾಟ ಇದೆ, ಹಲಸು ಹಣ್ಣಾದ ವಾಸನೆಗೆ ಅವು ಮನೆ ಅಂಗಳದವರೆಗೂ ಬರುತ್ತವೆ. ತಿಳಿದ ಮಾಲೀಕರು ಕೋಣೆಗಳ ಹತ್ತಿರದ ಮರದ ಕಾಯಿಗಳನ್ನು ಎಳೆಯದಾಗಿರುವಾಗಲೇ ಇಳಿಸಿಬಿಡುತ್ತಾರೆ. ಕಾಟೇಜಿನ ಪಕ್ಕದ ಮರದಲ್ಲಿ ಹಣ್ಣು ಜೋತಾಡುತ್ತಿದ್ದರೆ ಕೋಣೆ ಬದಲಿಸಿಕೊಳ್ಳಿ. ಸಂಜೆ ಆರರ ಮೇಲೆ ತೋಟದೊಳಗೆ ವಾಕಿಂಗ್ ಬೇಡ. ಅತಿಥಿಗಳು ಎಷ್ಟೇ ಗೋಗರೆದರೂ ನೈಟ್ ವಾಕ್ ಕರೆದೊಯ್ಯದವರೇ ನಂಬತಕ್ಕವರು.

ಹೊರಡುವಾಗ ಟೇಬಲ್ ಮೇಲೆ "ಎಸ್ಟೇಟ್ ಕಾಫಿ" ಪ್ಯಾಕೆಟ್ ಇಟ್ಟಿರುತ್ತಾರೆ. ತೋಟದ ಬೀಜ ಬಹುಪಾಲು ವ್ಯಾಪಾರಿಗೆ ಹೋಗಿರುತ್ತದೆ, ಆ ಪುಡಿ ಪೇಟೆಯಿಂದ ಬಂದದ್ದೂ ಇರಬಹುದು. ಹುರಿದ ತಾರೀಖು, ಚಿಕೋರಿ ಎಷ್ಟು ಎಂಬುದು ಚೀಟಿಯಲ್ಲಿ ಇಲ್ಲದಿದ್ದರೆ ಬಿಡಿ. ಕಾಫಿ–ಚಿಕೋರಿ ಮಿಶ್ರಣ ಎಂದು ಮಾರುವ ಪುಡಿಯಲ್ಲಿ ಚಿಕೋರಿ ನೂರಕ್ಕೆ 49 ಭಾಗದವರೆಗೆ ಇರಲು ಕಾನೂನೇ ಬಿಟ್ಟಿದೆ. ಅದರ ಬದಲು ಚಿಕ್ಕಮಗಳೂರು ಪೇಟೆಯಲ್ಲಿ ಹುರಿದು ಪುಡಿ ಮಾಡಿಕೊಡುವ ಯಾವ ಅಂಗಡಿಯಲ್ಲಾದರೂ ನಿಂತು, ಅರೇಬಿಕಾ ಎಷ್ಟು, ರೊಬಸ್ಟಾ ಎಷ್ಟು ಎಂದು ಹೇಳಿ ಕಣ್ಣೆದುರೇ ಪುಡಿ ಮಾಡಿಸಿ. ಅರ್ಧ ಕೇಜಿ ಸಾಕು. ಹೆಚ್ಚು ಕೊಂಡರೆ ಡಬ್ಬಿಯಲ್ಲೇ ಘಮ ಹೋಗುತ್ತದೆ.