ಪಿಎಸ್5ರಲ್ಲಿ ಇಂಡಿ ಆಟಗಳು: ನಮ್ಮ ಮನೆಗೆ ಒಗ್ಗಿದ್ದು ಯಾವುದು, ಒಗ್ಗದ್ದು ಯಾವುದು

ಪಿಎಸ್5ಗೆ (ಸೋನಿಯ ಪ್ಲೇಸ್ಟೇಷನ್ 5, ಟಿವಿಗೆ ಜೋಡಿಸಿ ಆಡುವ ಕನ್ಸೋಲ್) ಯಾವ ಇಂಡಿ ಆಟ, ಅಂದರೆ ದೊಡ್ಡ ಕಂಪನಿಗಳ ಬದಲು ಪುಟ್ಟ ತಂಡಗಳು ಮಾಡಿದ ಆಟ, ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಎರಡು ಪ್ರಶ್ನೆ ಕೇಳುತ್ತೇನೆ. ಮನೆಯಲ್ಲಿ ಟಿವಿ ಎಷ್ಟಿವೆ? ಟಿವಿಗೆ ಯುಪಿಎಸ್ ಲೈನ್ ಇದೆಯಾ? ನಗಬೇಡಿ. ಮೈಸೂರು ಕುವೆಂಪುನಗರದ ನಮ್ಮ ಮನೆಯಲ್ಲಿ ಇರುವುದು ಒಂದೇ ಟಿವಿ. ಸಂಜೆ ಪೂರ್ತಿ ಅದು ಅಮ್ಮನ ಧಾರಾವಾಹಿಗಳದ್ದು. ಊಟ ಆದ ಮೇಲೆ ನಮಗೆ ಸಿಗುವುದು ಒಂದು ಗಂಟೆ, ಜಾಸ್ತಿ ಅಂದರೆ ಒಂದೂವರೆ. ಮಧ್ಯೆ ಗುಡುಗಿ ಕರೆಂಟ್ ಹೋದರೆ ಅದೂ ಇಲ್ಲ. ಯುಪಿಎಸ್ ಇರುವುದು ಫ್ಯಾನು, ಲೈಟಿಗೆ ಮಾತ್ರ. ಹಾಗಾಗಿ ಆಟ ಎಷ್ಟು ಚೆನ್ನಾಗಿದೆ ಅಂತ ನೋಡಿದಷ್ಟೇ, ಅರ್ಧಕ್ಕೆ ಎದ್ದುಹೋದರೆ ಅದು ನಮ್ಮನ್ನು ಹೇಗೆ ನಡೆಸಿಕೊಳ್ಳುತ್ತದೆ ಅಂತಲೂ ನೋಡುತ್ತೇನೆ. ಆಟದ ವಿಮರ್ಶೆ ಬರೆಯುವವರು ಇದನ್ನು ಹೇಳುವುದು ಕಡಿಮೆ. ಅವರ ಮನೆಯಲ್ಲಿ ಕರೆಂಟ್ ಹೋಗಲ್ಲ ಅಂತ ಕಾಣುತ್ತೆ.

ಪಿಎಸ್5ನಲ್ಲಿ ಆಟವನ್ನು ಇದ್ದಲ್ಲೇ ನಿಲ್ಲಿಸಿ ಯಂತ್ರವನ್ನು ಮಲಗಿಸುವ ರೆಸ್ಟ್ ಮೋಡ್ ಇದೆಯಲ್ಲಾ ಅಂತೀರಿ. ಇದೆ, ಆದರೆ ಕರೆಂಟ್ ಇದ್ದರೆ ಮಾತ್ರ. ರೆಸ್ಟ್ ಮೋಡಿನಲ್ಲಿ ನಿಲ್ಲಿಸಿಟ್ಟ ಆಟ, ಪವರ್ ಹೋದರೆ ಅಲ್ಲಿಗೆ ಮುಗಿಯಿತು. ಕೊನೆಯ ಸೇವ್‌ನಿಂದಲೇ ಶುರು ಮಾಡಬೇಕು. ಈ ವಿಷಯದಲ್ಲಿ ಮೈಕ್ರೋಸಾಫ್ಟ್ ಕಂಪನಿಯ ಎಕ್ಸ್‌ಬಾಕ್ಸ್ ಸೀರೀಸ್‌ನ ಕ್ವಿಕ್ ರೆಸ್ಯೂಮ್ ವಾಸಿ. ಅದು ಆಟದ ಸ್ಥಿತಿಯನ್ನು ಎಸ್‌ಎಸ್‌ಡಿಗೆ (ಒಳಗಿನ ಡಿಸ್ಕಿಗೆ) ಬರೆದಿಡುವುದರಿಂದ ಪ್ಲಗ್ ಕಿತ್ತರೂ ಉಳಿಯುತ್ತದೆ. ನಿಂಟೆಂಡೊ ಸ್ವಿಚ್‌ಗೆ ಬ್ಯಾಟರಿಯೇ ಇದೆ. ನಾನು ಆಡಿದ್ದೆಲ್ಲ ಪಿಎಸ್5ರಲ್ಲಿ, ಅದರ ಲೆಕ್ಕದಲ್ಲೇ ಹೇಳುತ್ತಿದ್ದೇನೆ.

ಮೊದಲು ಸೆಲೆಸ್ಟ್ ಮತ್ತು ಹಾಲೋ ನೈಟ್. ಎರಡೂ ಪಕ್ಕದಿಂದ ಕಾಣುವ ಟು-ಡಿ ಆಟಗಳು, ಎರಡರಲ್ಲೂ ಜಿಗಿತವೇ ಜೀವಾಳ, ಎರಡೂ ಕಷ್ಟ ಅಂತ ಹೆಸರು ಪಡೆದಿವೆ. ಸೆಲೆಸ್ಟ್ 2018ರ ಜನವರಿಯಲ್ಲಿ ಬಂತು. ಹಾಲೋ ನೈಟ್ ಅದಕ್ಕಿಂತ ಒಂದು ವರ್ಷ ಮೊದಲು ಕಂಪ್ಯೂಟರಿಗೆ, ಮತ್ತೆ 2018ರಲ್ಲಿ ಕನ್ಸೋಲ್‌ಗಳಿಗೆ. ಆಸ್ಟ್ರೇಲಿಯಾದ ಅಡಿಲೇಡ್‌ನ ಟೀಮ್ ಚೆರಿ ಅನ್ನುವ ಪುಟ್ಟ ತಂಡ ಕಿಕ್‌ಸ್ಟಾರ್ಟರ್‌ನಲ್ಲಿ ಜನರಿಂದ ದುಡ್ಡು ಎತ್ತಿ ಮಾಡಿದ ಆಟ ಅದು. ಹೊರಗಿನಿಂದ ನೋಡಿದರೆ ಒಂದೇ ಜಾತಿ. ಆದರೆ ಸತ್ತಾಗ ಏನಾಗುತ್ತದೆ ಅನ್ನುವುದರಲ್ಲಿ ಇವೆರಡೂ ಪೂರ್ವ ಪಶ್ಚಿಮ.

ಸೆಲೆಸ್ಟ್‌ನಲ್ಲಿ ಮ್ಯಾಡಲಿನ್ ಅನ್ನುವ ಹುಡುಗಿ ಒಂದು ಬೆಟ್ಟ ಹತ್ತುತ್ತಾಳೆ. ಜಿಗಿಯುವುದು, ಗೋಡೆ ಹಿಡಿಯುವುದು, ಗಾಳಿಯಲ್ಲಿ ಒಂದು ಸಲ ಡ್ಯಾಶ್ ಹೊಡೆಯುವುದು, ಅಂದರೆ ಸರ್ರನೆ ಮುನ್ನುಗ್ಗುವುದು. ಇಷ್ಟೇ. ನೆಲ ಮುಟ್ಟಿದರೆ ಡ್ಯಾಶ್ ವಾಪಸ್ ಬರುತ್ತದೆ. ಸತ್ತರೆ ಕಣ್ಣು ಮಿಟುಕಿಸುವಷ್ಟರಲ್ಲಿ ಅದೇ ಪರದೆಯ ಶುರುವಿಗೆ ಬಂದು ನಿಲ್ಲುತ್ತೀರಿ. ಕಳೆದುಕೊಳ್ಳುವುದು ಕೆಲವು ಸೆಕೆಂಡು ಮಾತ್ರ. ಎಷ್ಟು ಸಲ ಸತ್ತಿರಿ ಅಂತ ಲೆಕ್ಕ ತೋರಿಸುತ್ತದೆ, ಆದರೆ ಹಂಗಿಸುವುದಿಲ್ಲ. ಜಾಸ್ತಿ ಸತ್ತಷ್ಟೂ ಜಾಸ್ತಿ ಕಲಿಯುತ್ತಿದ್ದೀರಿ, ಹೆಮ್ಮೆಪಡಿ ಅನ್ನುತ್ತದೆ.

ಈ ಆಟ ಒಳಗೊಳಗೇ ಎಷ್ಟು ಮೆತ್ತಗಿದೆ ಅನ್ನುವುದು ಆಡುವವರಿಗೆ ಗೊತ್ತೇ ಆಗುವುದಿಲ್ಲ. ಅಂಚಿನಿಂದ ಕಾಲು ಆಚೆ ಹೋದ ಮೇಲೂ ಕೆಲವು ಫ್ರೇಮ್‌ಗಳಷ್ಟು ಹೊತ್ತು (ಸೆಕೆಂಡಿನ ಒಂದು ಚೂರು) ಜಿಗಿಯಲು ಬಿಡುತ್ತದೆ. ಮೇಲೆ ಹಾರುವಾಗ ತಲೆ ಕಲ್ಲಿನ ಮೂಲೆಗೆ ತಗುಲಿದರೆ ನಿಮ್ಮನ್ನು ಸ್ವಲ್ಪ ಪಕ್ಕಕ್ಕೆ ಸರಿಸಿ ಮೇಲೆ ಕಳಿಸುತ್ತದೆ. ಅಕ್ಕನ ಮಗ ಪಿಯುಸಿಗೆ ಅಂತ ನಮ್ಮನೆಯಲ್ಲೇ ಇದ್ದಾನೆ. ಬೇರೆ ಆಟದಲ್ಲಿ ಬಿದ್ದರೆ "ನಾನು ಒತ್ತಿದ್ದೆ ಮಾಮ, ಕಂಟ್ರೋಲರ್ರೇ ಸರಿಯಿಲ್ಲ" ಅಂತ ಶುರು ಮಾಡುತ್ತಾನೆ. ಸೆಲೆಸ್ಟ್‌ನಲ್ಲಿ ಆ ಮಾತೇ ಬರಲ್ಲ. ತೀರಾ ಆಗಲ್ಲ ಅನ್ನುವವರಿಗೆ ಅಸಿಸ್ಟ್ ಮೋಡ್ ಇದೆ. ಆಟದ ವೇಗ ಇಳಿಸಬಹುದು, ಡ್ಯಾಶ್ ಎಷ್ಟು ಬೇಕಾದರೂ ತಗೊಳ್ಳಬಹುದು, ಸಾಯದೇ ಇರುವ ಹಾಗೂ ಮಾಡಿಕೊಳ್ಳಬಹುದು. ಕರೆಂಟ್ ಹೋದರೆ? ತುಂಬಾ ಹಿಂದಕ್ಕೇನೂ ಹೋಗುವುದಿಲ್ಲ. ಹತ್ತು ನಿಮಿಷ ಸಿಕ್ಕರೂ ಒಂದೆರಡು ಪರದೆ ದಾಟಿ, ಸಮಾಧಾನವಾಗಿ ಎದ್ದು ಮಲಗಬಹುದು.

ಹಾಲೋ ನೈಟ್‌ಗೆ ಈ ಕರುಣೆ ಇಲ್ಲ. ನೆಲದಡಿಯ ರಾಜ್ಯವೊಂದರಲ್ಲಿ ದಾರಿ ಹುಡುಕುತ್ತಾ ಅಲೆಯುವ ಆಟ ಅದು. ಆಟ ಬಿಟ್ಟು ಮತ್ತೆ ಬಂದರೆ ಏಳುವುದು ಕೊನೆಯ ಸಲ ಕೂತಿದ್ದ ಬೆಂಚಿನ ಮೇಲೆ. ಸತ್ತರೂ ಅಷ್ಟೇ. ಜೊತೆಗೆ ನಿಮ್ಮ ದುಡ್ಡೆಲ್ಲ ಸತ್ತ ಜಾಗದಲ್ಲೇ ಒಂದು ಕಪ್ಪು ನೆರಳಿನ ಹತ್ತಿರ ಉಳಿದುಬಿಡುತ್ತದೆ. ವಾಪಸ್ ಹೋಗಿ ಅದನ್ನು ಹೊಡೆದು ತಗೊಳ್ಳಬೇಕು. ದಾರಿಯಲ್ಲಿ ಇನ್ನೊಂದು ಸಲ ಸತ್ತರೆ ಆ ದುಡ್ಡಿಗೆ ಎಳ್ಳುನೀರು. ಮ್ಯಾಪ್ ಕೂಡ ಸುಮ್ನೆ ಕೊಡಲ್ಲ. ಕಾರ್ನಿಫರ್ ಅನ್ನುವ ನಕ್ಷೆಗಾರ ಎಲ್ಲೋ ಮೂಲೆಯಲ್ಲಿ ಗುನುಗುತ್ತಾ ಕೂತಿರುತ್ತಾನೆ. ನೆಲದ ಮೇಲೆ ಬಿದ್ದ ಕಾಗದ ನೋಡಿಕೊಂಡು, ಗುನುಗು ಕೇಳಿಸಿಕೊಂಡು ಅವನನ್ನು ಹುಡುಕಿ, ದುಡ್ಡು ಕೊಟ್ಟು ಅರ್ಧಂಬರ್ಧ ನಕ್ಷೆ ತಗೊಳ್ಳಬೇಕು. ಉಳಿದದ್ದನ್ನು ತುಂಬಿಸಲು ಅವನ ಹೆಂಡತಿಯ ಅಂಗಡಿಯಲ್ಲಿ ಲೇಖನಿ ಬೇರೆ ಕೊಳ್ಳಬೇಕು. ತುಂಬಿಸುವುದೂ ಬೆಂಚಿನ ಮೇಲೆ ಕೂತಾಗಲೇ. ದೇವರಾಜ ಮಾರ್ಕೆಟ್ಟಿಗೆ ಮೊದಲ ಸಲ ಬಂದವರು ವೀಳ್ಯದೆಲೆ ಹುಡುಕುತ್ತಾ ಹೂವಿನ ಸಾಲಿಗೆ, ಅಲ್ಲಿಂದ ಬಾಳೆಹಣ್ಣಿನ ಸಾಲಿಗೆ ಹೋದ ಹಾಗೆ ಆಗುತ್ತದೆ. ಆದರೆ ದಾರಿ ತಪ್ಪುವುದೇ ಇಲ್ಲಿ ಮಜಾ. ಎಲ್ಲೋ ಇಳಿದು, ಇನ್ನೆಲ್ಲೋ ಹೊರಬಿದ್ದು, "ಅರೆ, ಇದು ಮೊದಲು ಬಂದಿದ್ದ ಜಾಗ ಅಲ್ವಾ" ಅನ್ನಿಸುವ ಆ ಕ್ಷಣ ಸೆಲೆಸ್ಟ್‌ನಲ್ಲಿ ಸಿಗುವುದಿಲ್ಲ.

ಎರಡರಲ್ಲಿ ದೊಡ್ಡ ಆಟ ಹಾಲೋ ನೈಟ್, ಅನುಮಾನವೇ ಬೇಡ. ಆದರೂ ಸಂಸಾರಸ್ಥರಿಗೆ ನಾನು ಹೇಳುವುದು ಸೆಲೆಸ್ಟ್. ಹಾಲೋ ನೈಟ್‌ಗೆ ದಸರಾ ರಜೆಯೇ ಬೇಕು. ನಾಲ್ಕು ದಿನ ಬಿಟ್ಟು ಬಂದರೆ ಎಲ್ಲಿದ್ದೆ, ಎಲ್ಲಿಗೆ ಹೊರಟಿದ್ದೆ ಒಂದೂ ನೆನಪಿರಲ್ಲ, ಆಟವೂ ನೆನಪಿಸಲ್ಲ. ಅದರ ಮುಂದಿನ ಭಾಗ ಸಿಲ್ಕ್‌ಸಾಂಗ್ 2025ರ ಸೆಪ್ಟೆಂಬರ್‌ನಲ್ಲಿ ಬಂತು, ಇನ್ನೂ ಕಷ್ಟ. ಮೊದಲನೆಯದು ಮುಗಿಸದೆ ಅದಕ್ಕೆ ಕೈ ಹಾಕಬೇಡಿ.

ಸತ್ತರೆ ಬೇಜಾರೇ ಆಗದ ಇನ್ನೊಂದು ಆಟ ಹೇಡಿಸ್. ಗ್ರೀಕ್ ಪಾತಾಳದ ರಾಜಕುಮಾರ ಅಪ್ಪನ ಮನೆ ಬಿಟ್ಟು ಓಡಿಹೋಗಲು ನೋಡುತ್ತಾನೆ, ಸಾಯುತ್ತಾನೆ, ಮತ್ತೆ ಮನೆಯಲ್ಲೇ ಏಳುತ್ತಾನೆ. ಮನೆಯವರೆಲ್ಲ ಆ ಸಾವಿನ ಬಗ್ಗೆಯೇ ಮಾತಾಡುತ್ತಾರೆ. ಕಥೆ ಮುಂದೆ ಹೋಗುವುದೇ ಸಾವಿನಿಂದ. ಒಂದು ಓಟ ಅರ್ಧ ಗಂಟೆ, ಮುಕ್ಕಾಲು ಗಂಟೆ. ಒಂದೊಂದು ಕೋಣೆಗೆ ಕಾಲಿಟ್ಟಾಗಲೂ ಸೇವ್ ಆಗುತ್ತದೆ, ಹಾಗಾಗಿ ಕರೆಂಟಿನ ಭಯ ಇಲ್ಲ. ಗಾಡ್ ಮೋಡ್ ಹಾಕಿಕೊಂಡರೆ ಏಟಿನ ನೋವು 20 ಶೇಕಡ ಕಡಿಮೆ ಆಗಿ, ಪ್ರತಿ ಸಾವಿಗೂ ಇನ್ನೆರಡು ಶೇಕಡ ಇಳಿಯುತ್ತಾ ಹೋಗುತ್ತದೆ. 2021ರಲ್ಲಿ ಇದಕ್ಕೆ, ಸಾಮಾನ್ಯವಾಗಿ ವೈಜ್ಞಾನಿಕ ಕಥೆ, ಕಲ್ಪನಾ ಕಥೆಗಳಿಗೆ ಕೊಡುವ ಹ್ಯೂಗೋ ಪ್ರಶಸ್ತಿಯೂ ಬಂತು. ಒಬ್ಬರೇ ಕೂತು ಆಡುವ ಆಟಗಳಲ್ಲಿ ನನ್ನ ಮೊದಲ ಆಯ್ಕೆ ಇದೇ. ಒಂದೇ ತಕರಾರು: ಮಾತು ಜಾಸ್ತಿ, ಎಲ್ಲವೂ ಇಂಗ್ಲಿಷ್. ಪಕ್ಕದಲ್ಲಿ ಕೂತವರಿಗೆ ಆ ಪಾತಾಳದ ಮನೆಯ ಮೂರು ತಲೆಯ ನಾಯಿಯನ್ನು ಸವರುವುದು ಬಿಟ್ಟು ಬೇರೇನೂ ರುಚಿಸಲ್ಲ.

ಈಗ ಸ್ಟಾರ್‌ಡ್ಯೂ ವ್ಯಾಲಿ. ಎರಿಕ್ ಬರೋನ್ ಅನ್ನುವ ಒಬ್ಬನೇ ಮನುಷ್ಯ ನಾಲ್ಕೂವರೆ ವರ್ಷ ಕೂತು ಚಿತ್ರ, ಸಂಗೀತ, ಪ್ರೋಗ್ರಾಮ್ ಎಲ್ಲ ತಾನೇ ಮಾಡಿ 2016ರಲ್ಲಿ ಹೊರತಂದ ಬೇಸಾಯದ ಆಟ. ಊರಿನಿಂದ ಬಂದ ಭಾವ ಮೊದಲ ಸಲ ಟಿವಿ ಮುಂದೆ ಅಲ್ಲಾಡದೆ ಕೂತಿದ್ದು ಇದಕ್ಕೇ. ಭಾವನದ್ದು ಮಂಡ್ಯದ ಹತ್ತಿರ ನಾಲೆ ಬಯಲಿನ ಜಮೀನು, ಕಬ್ಬು ಮತ್ತು ಭತ್ತ. ಆಟದಲ್ಲಿ ಒಂದೊಂದು ಋತುವೂ 28 ದಿನ. ಪಾರ್ಸ್‌ನಿಪ್ ಅನ್ನುವ ಗೆಡ್ಡೆ ನಾಲ್ಕೇ ದಿನಕ್ಕೆ ಕೈಗೆ ಬರುತ್ತದೆ. ಒಂದು ವರ್ಷ ಕಬ್ಬು ಕಾಯುವ ಭಾವನಿಗೆ ಅದೇ ಮೊದಲ ನಗು. ಆಮೇಲೆ ಗಿರಣಿ ನೋಡಿದರು. ಗಿರಣಿಗೆ ಬೀಟ್‌ರೂಟ್ ಹಾಕಿದರೆ ಸಕ್ಕರೆ ಬರುತ್ತದೆ. ಆಟದಲ್ಲಿ ಎಲ್ಲಿ ಹುಡುಕಿದರೂ ಕಬ್ಬಿಲ್ಲ.

"ಕಬ್ಬೇ ಇಲ್ದೆ ಎಂಥ ಸಕ್ರೆನಪ್ಪ ಇದು?" ಅಂದರು. ತಣ್ಣಗಿನ ದೇಶಗಳಲ್ಲಿ ಸಕ್ಕರೆಗೆ ಅಂತಲೇ ಬೇರೆ ಜಾತಿಯ ಬೀಟ್ ಬೆಳೆಯುತ್ತಾರೆ ಭಾವ, ಇದೂ ಅದರ ಲೆಕ್ಕವೇ ಅಂದೆ. ಒಪ್ಪಲಿಲ್ಲ. ಭತ್ತ ಮಾತ್ರ ಅವರಿಗೆ ಒಪ್ಪಿಗೆ ಆಯಿತು. ಪೈರನ್ನು ಕೆರೆ ಪಕ್ಕ ನೆಟ್ಟರೆ ದಿನಾ ನೀರು ಹಾಕುವ ಕೆಲಸವಿಲ್ಲ, ಬೇಗವೂ ಬರುತ್ತದೆ. ಬೆಳೆದದ್ದನ್ನು ಡಬ್ಬಕ್ಕೆ ಹಾಕಿ ಮಲಗಿದರೆ ಬೆಳಿಗ್ಗೆ ದುಡ್ಡು ಬಂದಿರುತ್ತದೆ. ಎಷ್ಟು ಹಾಕಿದರೂ ರೇಟು ಬೀಳುವುದಿಲ್ಲ. "ಇಂಥ ಮಂಡಿ ಎಲ್ಲದೆ ಹೇಳಪ್ಪ, ನಾಳೆನೇ ಗಾಡಿ ಕಟ್ತೀನಿ" ಅಂದರು ಭಾವ. ಬೇಸಾಯ ಗೊತ್ತಿದ್ದವರಿಗೆ ಈ ಆಟ ಹಗಲುಗನಸು. ಗೊತ್ತಿಲ್ಲದವರಿಗೂ ಹಿತ.

ಇದರ ಸೇವ್ ಮಾತ್ರ ವಿಚಿತ್ರ. ಆಟದೊಳಗಿನ ದಿನ ಮುಗಿದಾಗ, ಸಾಮಾನ್ಯವಾಗಿ ಅಲ್ಲಿನ ಹಾಸಿಗೆಗೆ ಹೋಗಿ ಮಲಗಿದಾಗ, ಮಾತ್ರ ಆಟ ಉಳಿಯುತ್ತದೆ. ಬೆಳಿಗ್ಗೆ ಆರರಿಂದ ರಾತ್ರಿ ಎರಡರವರೆಗಿನ ಒಂದು ದಿನ ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು 14 ನಿಮಿಷ. ಕರೆಂಟ್ ಹೋದರೆ ಆ ದಿನದ ಕೆಲಸ ನೀರುಪಾಲು. ಕೇಳಲು ದೊಡ್ಡದಲ್ಲ. ಆದರೆ ಗಣಿಯಲ್ಲಿ ಆಳಕ್ಕೆ ಇಳಿದು ಒಳ್ಳೆ ಕಲ್ಲು ಸಿಕ್ಕ ದಿನವೇ ಟಿವಿ ಕಪ್ಪಾದರೆ ಹೊಟ್ಟೆ ಉರಿಯದೆ ಇರುತ್ತಾ? ಮೋಡ ಕವಿದಿದ್ದರೆ ನಾನು ಆಟದಲ್ಲಿ ಬೇಗ ಮಲಗಿಬಿಡುತ್ತೇನೆ. ಇಬ್ಬರಾದರೆ ಪರದೆಯನ್ನು ಇಬ್ಭಾಗ ಮಾಡಿಕೊಂಡು ಒಂದೇ ತೋಟದಲ್ಲಿ ಆಡಬಹುದು. ಆಗ ಇಬ್ಬರೂ ಮಲಗಿದರೆ ಮಾತ್ರ ದಿನ ಬೇಗ ಮುಗಿಯುವುದು. "ಮಾಮ, ಒಂದೇ ಒಂದು ಮೀನು" ಅಂತ ಅಕ್ಕನ ಮಗ ಹೊಳೆ ದಂಡೆಯಲ್ಲಿ ನಿಂತರೆ ನಾನು ಹಾಸಿಗೆ ಮೇಲೆ ಕಾಯುತ್ತಾ ಬಿದ್ದಿರಬೇಕು.

ಎಲ್ಲರೂ ಸೇರಿ ಆಡಬೇಕು ಅಂದರೆ ಓವರ್‌ಕುಕ್ಡ್ 2. ಒಟ್ಟಿಗೆ ಅಡುಗೆ ಮಾಡುವ ಆಟ ಇದು. ಇದಕ್ಕೆ ಎದುರಾಳಿಯಾಗಿ ಕಪ್‌ಹೆಡ್ ಕೂಡ ತರಿಸಿ ನೋಡಿದೆ. 1930ರ ಕಾಲದ ಕಾರ್ಟೂನಿನ ಹಾಗೆ ಕೈಯಲ್ಲೇ ಬರೆದ ಚಿತ್ರಗಳು, ನೋಡಲು ಎರಡು ಕಣ್ಣು ಸಾಲದು. ಆದರೆ ಇಬ್ಬರು ಆಡಿದರೆ ನಾವು ಸೋಲಿಸಬೇಕಾದ ರಾಕ್ಷಸರ ಆಯಸ್ಸೂ ಜಾಸ್ತಿ ಆಗುತ್ತದೆ. ಜೊತೆಗಾರ ಸೇರಿದರೆ ಸುಲಭ ಆಗುತ್ತೆ ಅಂದುಕೊಂಡವರಿಗೆ ಸರಿಯಾದ ಶಾಸ್ತಿ. ನನ್ನವಳು ಎರಡನೇ ದಿನಕ್ಕೇ ಕಂಟ್ರೋಲರ್ ಕೆಳಗಿಟ್ಟಳು.

ಓವರ್‌ಕುಕ್ಡ್ ಹಾಗಲ್ಲ. ಹೆಚ್ಚು, ಬೇಯಿಸು, ತಟ್ಟೆಗೆ ಹಾಕು, ಕಳಿಸು, ತಟ್ಟೆ ತೊಳೆ. ಕೆಲವೇ ನಿಮಿಷದ ಒಂದೊಂದು ಸುತ್ತು. ಒಂದು ಕಡೆ ಅಡುಗೆಮನೆ ಬಲೂನಿನಲ್ಲಿ ತೇಲುತ್ತಿದ್ದು, ಮಧ್ಯದಲ್ಲೇ ಕೆಳಗೆ ಬಿದ್ದು, ಇನ್ನೊಂದು ಅಡುಗೆಮನೆ ಆಗಿಬಿಡುತ್ತದೆ. ಎರಡನೇ ಭಾಗದಲ್ಲಿ ತರಕಾರಿಯನ್ನು ಎಸೆಯಲೂಬಹುದು. ಒಂದೇ ಕಂಟ್ರೋಲರನ್ನು ಎಡಗಡೆ ಒಬ್ಬರು, ಬಲಗಡೆ ಒಬ್ಬರು ಹಿಡಿದು ಆಡುವ ವ್ಯವಸ್ಥೆಯೂ ಇದೆ. ಇನ್ನೊಂದು ಕಂಟ್ರೋಲರಿಗೆ ಸಾವಿರಾರು ರೂಪಾಯಿ ಸುರಿಯುವ ಮೊದಲು ಇದನ್ನು ನೋಡಿ. "ರೀ, ತಟ್ಟೆ ಎಲ್ಲಿ, ತಟ್ಟೆ!" ಅಂತ ನನ್ನವಳು ಕೂಗುತ್ತಿದ್ದರೆ, "ನಿಜವಾದ ತಟ್ಟೆ ಒಂದು ದಿನ ತೊಳೆದವನಲ್ಲ, ಅಲ್ಲಿ ನೋಡು ಹೇಗೆ ಉಜ್ಜುತ್ತಿದ್ದಾನೆ" ಅನ್ನುತ್ತಾರೆ ಅಮ್ಮ. ಒಟ್ಟಿಗೆ ಕೂತು ಆಡುವುದರಲ್ಲಿ ಇದನ್ನು ಮೀರಿಸಿದ್ದು ನಮ್ಮ ಮನೆಯಲ್ಲಿ ಇನ್ನೂ ಬಂದಿಲ್ಲ.

ನಮ್ಮ ಕಡೆಯ ಬದುಕು ಇರುವ ಆಟ ಬೇಕು ಅನ್ನುವವರಿಗೆ ಎರಡು ಹೆಸರು, ರಾಜಿ ಮತ್ತು ವೆಣ್ಬಾ. ರಾಜಿ ಪುಣೆಯ ನಾಡಿಂಗ್ ಹೆಡ್ಸ್ ತಂಡದ್ದು, 2020ರಲ್ಲಿ ಬಂತು. ತಮ್ಮನನ್ನು ಹುಡುಕಿ ಹೊರಟ ಹುಡುಗಿ, ಕಥೆ ಹೇಳುವವರು ದುರ್ಗೆ ಮತ್ತು ವಿಷ್ಣು. ಕೋಟೆ, ಅರಮನೆಗಳ ಕೆತ್ತನೆ ನೋಡಲು ಬಹಳ ಚಂದ. ಹೊಡೆದಾಟ ಮಾತ್ರ ಬೇಗ ಹಳಸುತ್ತದೆ. ನಮ್ಮವರದ್ದು ಅನ್ನುವ ಅಭಿಮಾನದಿಂದ ಮುಗಿಸಿದೆ, ಎರಡನೇ ಸಲ ಆಡುವ ಮನಸ್ಸಾಗಲಿಲ್ಲ.

ವೆಣ್ಬಾ ಕೆನಡಾಗೆ ಹೋದ ತಮಿಳು ಕುಟುಂಬವೊಂದರ ಕಥೆ, 2023ರದ್ದು. ಊರಿನಿಂದ ತಂದ ಅಡುಗೆ ಪುಸ್ತಕದ ಹಾಳೆ ಹರಿದಿದೆ, ಅಕ್ಷರ ಅಳಿಸಿದೆ. ಯಾವುದಾದ ಮೇಲೆ ಯಾವುದು ಅಂತ ನಾವೇ ಊಹಿಸಿ ಅಡುಗೆ ಮಾಡಬೇಕು. ಮೊದಲ ಅಡುಗೆಯೇ ಇಡ್ಲಿ. ಧಾರಾವಾಹಿ ಮುಗಿಸಿ ಎದ್ದು ಹೊರಟಿದ್ದ ಅಮ್ಮ ನಿಂತೇ ಹೇಳಿದರು: "ತಟ್ಟೆನ ನೇರ ಜೋಡಿಸಬೇಡ್ವೋ, ಹಬೆ ಆಡಬೇಕು." ಆಮೇಲೆ ಕೂತರು. ತಪ್ಪಾದರೆ ಮತ್ತೆ ಮಾಡು ಅನ್ನುತ್ತದೆ ಅಷ್ಟೇ, ಶಿಕ್ಷೆ ಇಲ್ಲ. ಎರಡು ಗಂಟೆಯೊಳಗೆ ಮುಗಿದುಹೋಗುತ್ತದೆ, ಕೊಟ್ಟ ದುಡ್ಡಿಗೆ ಸಣ್ಣದೇ. ಮಗ ಬೆಳೆಯುತ್ತಾ ಮನೆ ಮಾತು, ಮನೆ ಊಟ ಎರಡರಿಂದಲೂ ದೂರ ಆಗುವ ಭಾಗವನ್ನು ಅಮ್ಮ ಭಾಷೆ ಬರದೆಯೂ ಅರ್ಥ ಮಾಡಿಕೊಂಡರು. ರಾಜಿಗಿಂತ ನನಗೆ ಇದೇ ಹೆಚ್ಚು ಹಿಡಿಸಿತು.

ಕೊಳ್ಳುವಾಗ ಒಂದು ವಿಷಯ ನೆನಪಿರಲಿ. ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ ಕೊಂಡು 14 ದಿನದ ಒಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ದುಡ್ಡು ವಾಪಸ್ ಕೇಳಬಹುದು. ಪ್ಲೇಸ್ಟೇಷನ್ ಸ್ಟೋರಿನಲ್ಲೂ 14 ದಿನ ಅಂತ ಇದೆ, ಆದರೆ ಡೌನ್‌ಲೋಡ್ ಶುರು ಮಾಡಿದರೆ ಸಾಮಾನ್ಯವಾಗಿ ಆ ಹಕ್ಕು ಹೋಯಿತು. ಅದಕ್ಕೇ ವಿಶ್‌ಲಿಸ್ಟಿಗೆ ಹಾಕಿ, ಯೂಟ್ಯೂಬಿನಲ್ಲಿ ಯಾರಾದರೂ ಅರ್ಧ ಗಂಟೆ ಆಡಿದ್ದನ್ನು ನೋಡಿ, ಸೇಲ್ ಬಂದಾಗ ತಗೊಳ್ಳಿ. ಇಂಡಿ ಆಟಗಳಿಗೆ ಸೇಲ್ ಬರುತ್ತಲೇ ಇರುತ್ತದೆ. ಸೋನಿಯ ಪಿಎಸ್ ಪ್ಲಸ್ ಚಂದಾ ಇದ್ದರೆ ಅದರ ಆಟಗಳ ಪಟ್ಟಿಯಲ್ಲಿ ಆ ಆಟ ಮೊದಲೇ ಇದೆಯಾ ಅಂತಲೂ ನೋಡಿಕೊಳ್ಳಿ. ಆದರೆ ಆ ಪಟ್ಟಿಯಿಂದ ಆಟಗಳನ್ನು ತೆಗೆಯುತ್ತಲೂ ಇರುತ್ತಾರೆ. ಸ್ಟಾರ್‌ಡ್ಯೂ ತರಹ ವರ್ಷಗಟ್ಟಲೆ ಆಡುವಂಥದ್ದನ್ನು ದುಡ್ಡು ಕೊಟ್ಟು ಇಟ್ಟುಕೊಳ್ಳುವುದೇ ವಾಸಿ.